ಗುಟ್ಟನ್ನು ಬಿಟ್ಟುಕೊಟ್ಟ ದಂತವೈದ್ಯ

ದಂತವೈದ್ಯರ ಕುರ್ಚಿಯಲ್ಲಿ ಒರಗಿ ಬಾಯಿ ತೆರೆದು ಕುಳಿತವನಷ್ಟು ಅಸಹಾಯಕನಾದ ಗ್ರಾಹಕ ಮತ್ತೊಬ್ಬನಿರಲಾರ. ದರ್ಜಿ ಅಂಗಿ ಕೆಡಿಸಿದರೆ ಕನ್ನಡಿಯ ಮುಂದೆ ನಿಂತೊಡನೆ ಗೊತ್ತಾಗುತ್ತದೆ. ಬಡಗಿ ಮಾಡಿದ ಬಾಗಿಲು ಸೊಟ್ಟಗಿದ್ದರೆ ಮನೆಯವರೆಲ್ಲರಿಗೂ ಕಾಣುತ್ತದೆ. ಆದರೆ ಬಾಯಿಯ ಒಳಗೆ ಕೊರೆದದ್ದು ಎಷ್ಟು, ತುಂಬಿದ್ದು ಏನು, ಕೊರೆದ ಉಪಕರಣ ಹಿಂದಿನ ರೋಗಿಯ ಬಾಯಿಯಿಂದ ನೇರವಾಗಿ ಬಂತೋ ಅಥವಾ ಶುದ್ಧಿಯಾಗಿ ಬಂತೋ ಎಂಬುದನ್ನು ಕುಳಿತವನು ನೋಡಲಾರ. ಬಾಯಿ ತೆರೆದೇ ಇರುವುದರಿಂದ ಕೇಳಲೂ ಆರ. ಕೊಳ್ಳುವವನಿಗೂ ಮಾರುವವನಿಗೂ ಇರುವ ತಿಳಿವಳಿಕೆಯ ಈ ಅಂತರವನ್ನು ಅರ್ಥಶಾಸ್ತ್ರಜ್ಞರು ಮಾಹಿತಿಯ ಅಸಮತೆ ಎಂದು ಕರೆಯುತ್ತಾರೆ. ವೈದ್ಯಕೀಯ ಸೇವೆಯ ಸಂದರ್ಭದಲ್ಲಿ ಇದನ್ನು 1963ರಲ್ಲಿ ಕೆನ್ನೆತ್ ಆರೋ ವಿವರಿಸಿದರು. ಗುಣಮಟ್ಟವನ್ನು ಗುರುತಿಸಲಾಗದ ಮಾರುಕಟ್ಟೆಯಲ್ಲಿ ಕಳಪೆ ಸರಕು ಒಳ್ಳೆಯ ಸರಕನ್ನು ಹೇಗೆ ಹೊರದಬ್ಬುತ್ತದೆ ಎಂಬುದನ್ನು 1970ರಲ್ಲಿ ಜಾರ್ಜ್ ಅಕರ್ಲಾಫ್ ತೋರಿಸಿಕೊಟ್ಟರು.

ಆದರೆ ಇವರಿಬ್ಬರಿಗಿಂತ ಎರಡು ಶತಮಾನಗಳಿಗೂ ಹೆಚ್ಚು ಕಾಲದ ಮೊದಲೇ ಇದೇ ಸಮಸ್ಯೆಯನ್ನು ಹಲ್ಲಿನ ಚಿಕಿತ್ಸೆಯ ಕಸುಬಿನಲ್ಲಿ ಕಣ್ಣಾರೆ ಕಂಡು, ಅದಕ್ಕೆ ತನ್ನದೇ ಪರಿಹಾರವನ್ನು ಹುಡುಕಿದವನೊಬ್ಬನಿದ್ದ. ಆತ ಫ್ರಾನ್ಸಿನ ಪಿಯರ್ ಫೋಷಾರ್. ಜಗತ್ತು ಆತನನ್ನು ಆಧುನಿಕ ದಂತವೈದ್ಯಶಾಸ್ತ್ರದ ಪಿತಾಮಹನೆಂದು ಗೌರವಿಸುತ್ತದೆ. ಆದರೆ ಚಿಕಿತ್ಸಾಲಯದ ಗುಣಮಟ್ಟವನ್ನು ಪರೀಕ್ಷಿಸುವ ಬಗೆ ಯಾವುದು ಎಂಬ ಪ್ರಶ್ನೆಗೆ ಆತನ ಬದುಕಿನಲ್ಲಿ ದೊರೆಯುವ ಉತ್ತರವನ್ನು ನಾವು ಅಷ್ಟಾಗಿ ಗಮನಿಸಿಲ್ಲ.

ಫೋಷಾರ್ ಹುಟ್ಟಿದ್ದು 1678-79ರ ಸುಮಾರಿಗೆ, ಪಶ್ಚಿಮ ಫ್ರಾನ್ಸಿನ ಸಾಮಾನ್ಯ ಸ್ಥಿತಿಯ ಕುಟುಂಬವೊಂದರಲ್ಲಿ. ಹದಿನೈದರ ಹರೆಯದಲ್ಲಿಯೇ, ಮನೆಯವರಿಗೆ ಇಷ್ಟವಿಲ್ಲದಿದ್ದರೂ, ರಾಜನ ನೌಕಾಪಡೆಯನ್ನು ಸೇರಿದ. ಅಲ್ಲಿ ಆತನಿಗೆ ಗುರುವಾಗಿ ದೊರೆತವನು ಪೊತೆಲೆರೆ ಎಂಬ ಶಸ್ತ್ರವೈದ್ಯ. ಆ ಕಾಲದ ಹಡಗುಗಳೆಂದರೆ ಬಾಯಿಯ ರೋಗಗಳ ಪ್ರಯೋಗಶಾಲೆಗಳೇ ಸರಿ. ತಿಂಗಳುಗಟ್ಟಲೆ ಹಸಿ ತರಕಾರಿ, ಹಣ್ಣುಗಳನ್ನು ಕಾಣದ ನಾವಿಕರಿಗೆ ಸ್ಕರ್ವಿ ತಗುಲಿ ಒಸಡುಗಳು ಊದಿಕೊಂಡು ಕೊಳೆಯುತ್ತಿದ್ದವು, ಗಟ್ಟಿಮುಟ್ಟಾದ ಹಲ್ಲುಗಳು ತಾವಾಗಿ ಉದುರುತ್ತಿದ್ದವು. ಪೊತೆಲೆರೆ ಈ ರೋಗವನ್ನು ಅಧ್ಯಯನ ಮಾಡಿದ್ದ ಅನುಭವಿ. ಆತನ ಜೊತೆಯಲ್ಲಿದ್ದು ಕಲಿತ ಫೋಷಾರ್‌ಗೆ ಹಲ್ಲು ಎಂಬುದು ಕೀಳಬೇಕಾದ ವಸ್ತುವಲ್ಲ, ದೇಹಕ್ಕೆ ಸೇರಿದ ಅಂಗ ಎಂಬ ಅರಿವು ಎಳೆಯ ವಯಸ್ಸಿನಲ್ಲಿಯೇ ಮೂಡಿತು.

ಸುಮಾರು ಮೂರು ವರ್ಷಗಳ ನಂತರ ನೌಕಾಪಡೆಯನ್ನು ಬಿಟ್ಟ ಆತ ಆಂಜೆ ನಗರದಲ್ಲಿ ನೆಲೆಸಿ ವೃತ್ತಿಯನ್ನು ಆರಂಭಿಸಿದ. ಆ ದಿನಗಳಲ್ಲಿ ಹೆಸರಾಂತ ಶಸ್ತ್ರವೈದ್ಯರು ಹಲ್ಲಿನ ಕೆಲಸವನ್ನು ತಮ್ಮ ಘನತೆಗೆ ತಕ್ಕುದಲ್ಲವೆಂದು ದೂರವಿಟ್ಟಿದ್ದರು. ಅವರು ಕೈಬಿಟ್ಟ ಕೆಲಸ ಕ್ಷೌರಿಕರ, ಸಂತೆಯಲ್ಲಿ ಹಲ್ಲು ಕೀಳುವವರ, ಊರೂರು ಅಲೆಯುವ ಮದ್ದುಗಾರರ ಪಾಲಾಗಿತ್ತು. ಕಲಿಯಬೇಕೆಂದರೆ ಒಂದು ಒಳ್ಳೆಯ ಪಠ್ಯಪುಸ್ತಕವೂ ಇರಲಿಲ್ಲ. ಫೋಷಾರ್ ತನಗೆ ಬೇಕಾದುದನ್ನು ತಾನೇ ಮಾಡಿಕೊಳ್ಳತೊಡಗಿದ. ಗಡಿಯಾರ ರಿಪೇರಿ ಮಾಡುವವರ, ಚಿನ್ನಬೆಳ್ಳಿ ಕೆಲಸದವರ, ಕ್ಷೌರಿಕರ ಹತಾರಗಳನ್ನು ಬಾಯಿಯ ಒಳಗೆ ಬಳಸಲು ತಕ್ಕಂತೆ ಮಾರ್ಪಡಿಸಿದ. ತನ್ನನ್ನು ದಂತಶಸ್ತ್ರವೈದ್ಯ ಎಂದು ಕರೆದುಕೊಂಡ. ಹಲ್ಲು ಕೀಳುವವನು ಎಂಬ ರೂಢಿಯ ಹೆಸರಿಗೂ ಈ ಹೊಸ ಹೆಸರಿಗೂ ನಡುವೆ ಇದ್ದ ಅಂತರವನ್ನು ದುಡಿದು ತೋರಿಸುವುದೇ ಆತನ ಉಳಿದ ಬದುಕಾಯಿತು.

1719ರ ಸುಮಾರಿಗೆ ಫೋಷಾರ್ ಪ್ಯಾರಿಸ್ಸಿಗೆ ಬಂದು ನೆಲೆಸಿದ. ರಾಜಧಾನಿಯ ಸ್ಥಿತಿ ಪ್ರಾಂತ್ಯಗಳಿಗಿಂತ ಉತ್ತಮವೇನೂ ಆಗಿರಲಿಲ್ಲ. ಸೆನ್ ನದಿಯ ಮೇಲಿನ ಪಾಂ ನೆಫ್ ಸೇತುವೆ ಆಗ ಹಲ್ಲು ಕೀಳುವವರ ರಂಗಭೂಮಿಯೇ ಆಗಿತ್ತು. ಅವರಲ್ಲಿ ಅಗ್ರಗಣ್ಯನಾಗಿದ್ದವನು ದೊಡ್ಡ ತೋಮಾ ಎಂದು ಹೆಸರಾಗಿದ್ದ ದೈತ್ಯದೇಹಿ. ಕೆಂಪು ಅಂಗಿ ತೊಟ್ಟು, ಗರಿಯ ಟೋಪಿ ಧರಿಸಿ ಸೇತುವೆಯ ಮೇಲೆ ಆತ ನಿಂತನೆಂದರೆ ಜನ ಕಿಕ್ಕಿರಿದು ಸೇರುತ್ತಿದ್ದರು. 1729ರಲ್ಲಿ ಯುವರಾಜ ಹುಟ್ಟಿದಾಗ ಆ ಸಂತೋಷಕ್ಕಾಗಿ ಹಲವು ದಿನಗಳ ಕಾಲ ಪುಕ್ಕಟೆಯಾಗಿ ಹಲ್ಲು ಕೀಳುವುದಾಗಿ ಸಾರಿದ ಪುಣ್ಯಾತ್ಮ ಈತ! ಇಂಥವರ ಜನಪ್ರಿಯತೆಗೆ ಕಾರಣಗಳಿದ್ದವು. ಕೆಲಸ ಬಯಲಿನಲ್ಲಿ ಎಲ್ಲರೆದುರಿಗೆ ನಡೆಯುತ್ತಿತ್ತು, ದರ ಕಡಿಮೆ, ನೋವು ಕ್ಷಣಮಾತ್ರದ್ದು ಎಂಬ ಭರವಸೆ ಬೇರೆ. ಅದೆಲ್ಲದರ ಹಿಂದೆ ದವಡೆ ಮುರಿದವರೆಷ್ಟು, ಕೀವು ತುಂಬಿ ಸತ್ತವರೆಷ್ಟು ಎಂಬುದನ್ನು ಲೆಕ್ಕವಿಟ್ಟವರು ಯಾರೂ ಇರಲಿಲ್ಲ.

ಹಾಗೆಂದು ಸರ್ಕಾರ ಸುಮ್ಮನೆ ಕುಳಿತಿತ್ತು ಎನ್ನುವಂತಿಲ್ಲ. 14ನೇ ಲೂಯಿಯ ಆಳ್ವಿಕೆಯಲ್ಲಿ, 1699ರಲ್ಲಿ, ಪ್ಯಾರಿಸ್ಸಿನ ಶಸ್ತ್ರವೈದ್ಯರ ಸಂಘಕ್ಕೆ ಹೊಸ ನಿಯಮಾವಳಿ ರೂಪುಗೊಂಡಿತ್ತು. ಹಲ್ಲಿನ ಚಿಕಿತ್ಸೆಯನ್ನೇ ವೃತ್ತಿಯಾಗಿ ನಡೆಸಬಯಸುವವರು ಶಸ್ತ್ರವೈದ್ಯರ ಮುಂದೆ ಪರೀಕ್ಷೆಗೆ ಕುಳಿತು, ಹಲ್ಲಿನ ತಜ್ಞರೆಂಬ ಮಾನ್ಯತೆಯನ್ನು ಪಡೆಯಬೇಕೆಂದು ಅದು ವಿಧಿಸಿತು. ಪರವಾನಗಿ ಎಂಬ ಕಲ್ಪನೆ ಹೀಗೆ ಫೋಷಾರ್ ಪ್ಯಾರಿಸ್ಸಿಗೆ ಬರುವ ಮೊದಲೇ ಜಾರಿಯಲ್ಲಿತ್ತು. ಆದರೆ ಆತ ಅದರಲ್ಲಿದ್ದ ದೊಡ್ಡ ಕೊರತೆಯೊಂದನ್ನು ಕಂಡುಹಿಡಿದ. ಪರೀಕ್ಷೆ ಮಾಡುವ ಮಂಡಳಿಯಲ್ಲಿ ಶಸ್ತ್ರವೈದ್ಯರಿದ್ದರೇ ಹೊರತು ಹಲ್ಲಿನ ಕೆಲಸವನ್ನು ಕೈಯಾರೆ ಮಾಡಿ ಅನುಭವವಿದ್ದವನು ಇರಲಿಲ್ಲ. ಕೇಳುವವನಿಗೇ ವಿಷಯ ಗೊತ್ತಿಲ್ಲದಿದ್ದರೆ ಉತ್ತರಿಸುವವನ ಅಜ್ಞಾನ ಹೊರಬೀಳುವ ಬಗೆ ಹೇಗೆ? ಸಾಧಾರಣಕ್ಕಿಂತ ಕಡಿಮೆ ತಿಳಿವಳಿಕೆಯವರೂ ಮುದ್ರೆ ಹಾಕಿಸಿಕೊಂಡು ಹೊರಬರುತ್ತಿದ್ದರು. ಪರೀಕ್ಷಾ ಮಂಡಳಿಯಲ್ಲಿ ನುರಿತ ದಂತವೈದ್ಯನೊಬ್ಬ ಇರಲೇಬೇಕು ಎಂದು ಫೋಷಾರ್ ಬರೆದ. ಕೇಳಲು ಸರಳವಾದ ಈ ಮಾತು ಆಡಳಿತದಲ್ಲಿದ್ದವರಿಗೆ ಇಂದಿಗೂ ಪೂರ್ತಿಯಾಗಿ ಅರ್ಥವಾದಂತಿಲ್ಲ.

ಎರಡನೆಯ ಕೊರತೆ ಇನ್ನೂ ಆಳವಾದದ್ದು. ಆ ವೃತ್ತಿಯಲ್ಲಿ ಕೈಚಳಕವಿದ್ದ ಕೆಲವರಾದರೂ ಇದ್ದರು. ಆದರೆ ಅವರು ತಮ್ಮ ವಿಧಾನಗಳನ್ನು ಮನೆಯ ಗುಟ್ಟಿನಂತೆ ಕಾಪಾಡಿಕೊಳ್ಳುತ್ತಿದ್ದರು. ಒಬ್ಬನಿಗೆ ತಿಳಿದದ್ದು ಅವನ ಜೊತೆಗೇ ಮಣ್ಣಾಗುತ್ತಿತ್ತು. ಗುಟ್ಟಿನಲ್ಲಿ ನಡೆಯುವ ಕೆಲಸದಲ್ಲಿ ಒಳ್ಳೆಯದನ್ನೂ ಕೆಟ್ಟದ್ದನ್ನೂ ಹೋಲಿಸಲು ಅಳತೆಗೋಲೇ ಇರುವುದಿಲ್ಲ. ಫೋಷಾರ್ ಬಳಿಯೂ ಇಂಥ ಗುಟ್ಟುಗಳು ಹೇರಳವಾಗಿದ್ದವು. ಅವನ್ನು ಬಚ್ಚಿಟ್ಟುಕೊಂಡಿದ್ದರೆ ಆತ ಪ್ಯಾರಿಸ್ಸಿನ ಸಿರಿವಂತರಿಂದ ಇನ್ನಷ್ಟು ಗಳಿಸಬಹುದಿತ್ತು. ಅದಕ್ಕೆ ಬದಲಾಗಿ ಎಲ್ಲವನ್ನೂ ಬರೆದು ಅಚ್ಚು ಹಾಕಿಸುವುದೆಂದು ನಿರ್ಧರಿಸಿದ.

ಹಸ್ತಪ್ರತಿ 1723ರ ಹೊತ್ತಿಗೆ ಸಿದ್ಧವಾಯಿತು. ಆದರೆ ಆತ ಅವಸರಪಡಲಿಲ್ಲ. ಮುಂದಿನ ಐದು ವರ್ಷ ಅದನ್ನು ಪ್ಯಾರಿಸ್ಸಿನ ಪ್ರಮುಖ ವೈದ್ಯರಿಗೂ ಶಸ್ತ್ರವೈದ್ಯರಿಗೂ ತೋರಿಸಿ ಅವರ ಅಭಿಪ್ರಾಯಗಳನ್ನು ಪಡೆದ. ಹಲವರ ಲಿಖಿತ ಅನುಮೋದನೆಗಳೊಂದಿಗೆ 1728ರಲ್ಲಿ ಗ್ರಂಥ ಎರಡು ಸಂಪುಟಗಳಲ್ಲಿ ಹೊರಬಂತು. ಹೆಸರು ಲೆ ಶಿರುರ್ಜಿಯೆಂ ದಾಂತಿಸ್ತ್, ಎಂದರೆ ದಂತಶಸ್ತ್ರವೈದ್ಯ. 700ಕ್ಕೂ ಹೆಚ್ಚು ಪುಟ, ಸುಮಾರು 40 ಚಿತ್ರಫಲಕಗಳು. ಹಲ್ಲಿನ ರಚನೆ, 100ಕ್ಕೂ ಮೀರಿದ ದಂತರೋಗಗಳ ವಿವರ, ಪಾಚಿ ತೆಗೆಯುವ ಐದು ಬಗೆಯ ಉಪಕರಣಗಳು, ಕುಳಿ ತುಂಬುವ ವಿಧಾನ, ಸೊಟ್ಟ ಹಲ್ಲನ್ನು ಪಟ್ಟಿ ಕಟ್ಟಿ ನೇರಗೊಳಿಸುವ ಕ್ರಮ, ಕೃತಕ ದಂತಗಳ ತಯಾರಿಕೆ, ಎಲ್ಲವೂ ಅದರಲ್ಲಿದ್ದವು. ಉಪಕರಣಗಳ ಚಿತ್ರಗಳನ್ನು ನೋಡಿ ಯಾವ ಕುಶಲಕರ್ಮಿಯಾದರೂ ಅಂಥದ್ದನ್ನೇ ತಯಾರಿಸಬಹುದಿತ್ತು. ತಾನು ಚಿಕಿತ್ಸೆ ನೀಡಿದ ಪ್ರಕರಣಗಳನ್ನು ರೋಗಿಗಳ ಹೆಸರು ಮತ್ತು ವರ್ಷಗಳ ಸಮೇತ ಆತ ದಾಖಲಿಸಿದ. ಇಂದು ರೋಗಿಯ ಹೆಸರನ್ನು ಬಹಿರಂಗಪಡಿಸುವುದು ಸಲ್ಲದು ಎನ್ನುವುದು ನಿಜ. ಆದರೆ ಅನುಮಾನವಿದ್ದವರು ಹೋಗಿ ವಿಚಾರಿಸಿ ನೋಡಲಿ ಎಂಬ ಧೈರ್ಯ ಆ ದಾಖಲೆಯ ಹಿಂದಿತ್ತು ಎಂಬುದನ್ನು ಮರೆಯುವಂತಿಲ್ಲ.

ಹಲ್ಲಿನೊಳಗೆ ಹುಳ ಹೊಕ್ಕು ಕೊರೆಯುವುದರಿಂದಲೇ ಹಲ್ಲು ಹಾಳಾಗುತ್ತದೆ ಎಂಬ ನಂಬಿಕೆ ಬ್ಯಾಬಿಲೋನಿಯದ ಕಾಲದಿಂದಲೂ ಬಂದದ್ದು. ನಮ್ಮ ಕನ್ನಡದಲ್ಲಿಯೂ ಕೆಟ್ಟ ಹಲ್ಲನ್ನು ಹುಳುಕು ಹಲ್ಲೆಂದೇ ಕರೆಯುತ್ತೇವೆ. ಹುಳ ತೆಗೆಯುತ್ತೇವೆಂದು ಹಳ್ಳಿಗಳಿಗೆ ಬಂದು, ಕೈಯೊಳಗೆ ಅಡಗಿಸಿಟ್ಟುಕೊಂಡದ್ದನ್ನು ಬಾಯಿಂದ ತೆಗೆದಂತೆ ತೋರಿಸಿ ಕಾಸು ಪಡೆದು ಹೋಗುತ್ತಿದ್ದವರನ್ನು ನನ್ನ ತಲೆಮಾರಿನ ಅನೇಕರು ಕಂಡಿರಬಹುದು. ಫೋಷಾರ್ ಕೆಟ್ಟ ಹಲ್ಲುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. ಹುಳ ಕಾಣಲಿಲ್ಲ. ಕಾಣದ್ದನ್ನು ಒಪ್ಪಲಾರೆ ಎಂದ. ಸಿಹಿ ತಿನಿಸುಗಳೇ ಹಲ್ಲಿನ ಶತ್ರುಗಳೆಂದು ಎಚ್ಚರಿಸಿದ. ಹಲ್ಲು ಕೀಳುವುದು ಕೊನೆಯ ಉಪಾಯವಾಗಬೇಕೇ ಹೊರತು ಮೊದಲನೆಯದಲ್ಲ ಎಂಬುದು ಆತನ ನಿಲುವಾಗಿತ್ತು.

ಚಿಕಿತ್ಸೆ ನಡೆಯುವ ಸ್ಥಳದ ಬಗ್ಗೆ ಆತ ಬರೆದದ್ದು ಇಂದಿನ ಪರಿವೀಕ್ಷಣಾ ಪಟ್ಟಿಯೊಂದರ ಮೊದಲ ಪುಟದಂತಿದೆ. ಅಂದಿನ ರೂಢಿಯಲ್ಲಿ ರೋಗಿಯನ್ನು ನೆಲದ ಮೇಲೆ ಕೂರಿಸಿ, ಅವನ ತಲೆಯನ್ನು ತನ್ನ ಮೊಣಕಾಲುಗಳ ನಡುವೆ ಇರುಕಿಸಿಕೊಂಡು ಹಲ್ಲು ಕೀಳುತ್ತಿದ್ದರು. ಇದು ಅಸಹ್ಯ, ಅನನುಕೂಲ, ರೋಗಿಗೆ ಭಯ ಹುಟ್ಟಿಸುವಂಥದ್ದು ಎಂದು ಫೋಷಾರ್ ಖಂಡಿಸಿದ. ಅಲುಗಾಡದ ಕೈಕುರ್ಚಿಯಲ್ಲಿ ರೋಗಿ ನೆಮ್ಮದಿಯಾಗಿ ಒರಗಿರಬೇಕು, ಬಾಯಿಯೊಳಗೆ ಬೆಳಕು ಚೆನ್ನಾಗಿ ಬೀಳಬೇಕು, ವೈದ್ಯ ನಿಂತು ಕೆಲಸ ಮಾಡಬೇಕು ಎಂದು ಸೂಚಿಸಿದ. ರೋಗಿಯ ಘನತೆಯೂ ಚಿಕಿತ್ಸೆಯ ಗುಣಮಟ್ಟದ ಭಾಗವೇ ಎಂದು ಆತ ಅರಿತಿದ್ದ.

ಆದರೆ ಆ ಗ್ರಂಥದಲ್ಲಿ ಸಾಮಾನ್ಯ ಓದುಗನಿಗೆ ಅತ್ಯಂತ ಉಪಯುಕ್ತವಾದ ಭಾಗ ಬೇರೆಯೇ ಇದೆ. ತನ್ನ ವೃತ್ತಿಯಲ್ಲಿದ್ದ ಮೋಸಗಳನ್ನು ಫೋಷಾರ್ ಒಂದೊಂದಾಗಿ ಬಿಡಿಸಿ ಹೇಳಿದ. ಸೇತುವೆಯ ಮೇಲಿನ ನಾಟಕ ನಡೆಯುತ್ತಿದ್ದುದು ಹೀಗೆ. ಜನರ ನಡುವಿನಿಂದ ಮೊದಲು ಮುಂದೆ ಬರುವ ರೋಗಿ ಹಲ್ಲು ಕೀಳುವವನ ಕಡೆಯವನೇ ಆಗಿರುತ್ತಿದ್ದ. ತೆಳುವಾದ ಚರ್ಮದಲ್ಲಿ ಕೋಳಿಯ ರಕ್ತದೊಡನೆ ಸುತ್ತಿದ ಹಲ್ಲೊಂದು ಅವನ ಬಾಯಿಯಲ್ಲಿ ಮೊದಲೇ ಇರುತ್ತಿತ್ತು. ಕಸುಬುದಾರ ಬೆರಳು ಮುಟ್ಟಿಸಿದಂತೆ ಮಾಡುತ್ತಿದ್ದ, ಅವನು ರಕ್ತದೊಂದಿಗೆ ಹಲ್ಲನ್ನು ಉಗುಳಿ ನೋವೇ ಆಗಲಿಲ್ಲವೆಂದು ನಗುತ್ತ ಎದ್ದು ಹೋಗುತ್ತಿದ್ದ. ಅದನ್ನು ನಂಬಿ ಮುಂದೆ ಬಂದ ಅಮಾಯಕನ ಪಾಡು ಹೇಳತೀರದು. ಕುಳಿಗೆ ಹಳದಿ ಬಣ್ಣ ಕಟ್ಟಿದ ತವರದ ಹಾಳೆ ತುಂಬಿ ಚಿನ್ನದ ಬೆಲೆ ವಸೂಲು ಮಾಡುವವರಿದ್ದರು. ಹಲ್ಲು ಬೆಳ್ಳಗಾಗಿಸುತ್ತೇವೆಂದು ಖಾರವಾದ ಆಮ್ಲಗಳನ್ನು ಹಚ್ಚಿ ಹಲ್ಲಿನ ಮೇಲ್ಪದರವನ್ನೇ ತಿಂದುಹಾಕುವವರಿದ್ದರು. ಇವನ್ನೆಲ್ಲ ಓದಿದ ರೋಗಿಗೆ ಇನ್ನು ಮುಂದೆ ಏನನ್ನು ಕೇಳಬೇಕು, ಎಲ್ಲಿ ಅನುಮಾನಪಡಬೇಕು ಎಂಬುದು ತಿಳಿಯುತ್ತಿತ್ತು. ಅಲ್ಲಿಯವರೆಗೆ ಬಾಯಿ ತೆರೆಯುವುದಷ್ಟೇ ಗೊತ್ತಿದ್ದವನನ್ನು ಆತ ಪರಿವೀಕ್ಷಕನನ್ನಾಗಿ ಮಾಡಿದ. ಇದರಿಂದ ಸಹವೃತ್ತಿಯವರಲ್ಲಿ ಆತನಿಗೆ ಶತ್ರುಗಳು ಹುಟ್ಟಿರದಿದ್ದರೆ ಆಶ್ಚರ್ಯ!

ಇಷ್ಟೆಲ್ಲ ಹೇಳಿದ ಮೇಲೆ ಆತನ ಮಿತಿಗಳನ್ನು ಮುಚ್ಚಿಡುವುದು ಆತನ ನೆನಪಿಗೇ ಸಲ್ಲದು. ಹಲ್ಲುನೋವಿಗೆ ಸ್ವಂತ ಮೂತ್ರದಿಂದ ಬಾಯಿ ಮುಕ್ಕಳಿಸುವುದನ್ನು ಫೋಷಾರ್ ಗಂಭೀರವಾಗಿಯೇ ಶಿಫಾರಸು ಮಾಡಿದ್ದ. ಹಲ್ಲುಜ್ಜಲು ಬ್ರಷ್‌ಗಿಂತ ಸ್ಪಂಜೇ ಮೇಲು ಎಂದು ನಂಬಿದ್ದ. ಇವು ನಗು ತರಿಸುವ ತಪ್ಪುಗಳು. ಇನ್ನೊಂದು ಸಂಗತಿ ನಗುವಂಥದ್ದಲ್ಲ. ಸೈನ್ಯದ ಕ್ಯಾಪ್ಟನ್ ಒಬ್ಬನ ಬಾಯಿಗೆ ಅವನ ಕೈಕೆಳಗಿನ ಸೈನಿಕನೊಬ್ಬನ ಹಲ್ಲನ್ನು ಕಿತ್ತು ಕೂರಿಸಿದ ಪ್ರಕರಣವನ್ನು ಆತ ದಾಖಲಿಸಿದ್ದಾನೆ. ಆ ಸೈನಿಕನಿಗೆ ಬೇಡವೆನ್ನುವ ಅವಕಾಶವಿತ್ತೇ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಬಡವನ ಹಲ್ಲು ಸಿರಿವಂತನ ಬಾಯಿಗೆ ಹೋಗುವ ಆ ವ್ಯಾಪಾರ ಮುಂದಿನ ದಶಕಗಳಲ್ಲಿ ಯೂರೋಪಿನಲ್ಲಿ ಹಬ್ಬಿ, ಹಲ್ಲಿನ ಜೊತೆಗೆ ರೋಗಗಳನ್ನೂ ದಾಟಿಸಿತು.

ಎಲ್ಲಕ್ಕಿಂತ ದೊಡ್ಡ ಮಿತಿ ಆತನದಲ್ಲ, ಆತನ ಕಾಲದ್ದು. ಹುಳವಿಲ್ಲ ಎಂದು ಆತ ಹೇಳಿದ್ದು ಸರಿ. ಆದರೆ ಆತ ಕಾಣದ ಸೂಕ್ಷ್ಮಜೀವಿಗಳು ಅಲ್ಲಿದ್ದವು. ಒಬ್ಬನ ಬಾಯಿಗೆ ಹೋದ ಉಪಕರಣ ಒರೆಸಿಕೊಂಡು ಇನ್ನೊಬ್ಬನ ಬಾಯಿಗೆ ಹೋಗುತ್ತಿತ್ತು. ಲೂಯಿ ಪಾಶ್ಚರ್ ಮತ್ತು ಜೋಸೆಫ್ ಲಿಸ್ಟರ್ ಸೂಕ್ಷ್ಮಾಣುಗಳ ಪಾತ್ರವನ್ನು ಜಗತ್ತಿಗೆ ಮನದಟ್ಟು ಮಾಡಿಸಲು ಇನ್ನೂ ಒಂದೂವರೆ ಶತಮಾನ ಕಾಯಬೇಕಿತ್ತು. 1879ರಲ್ಲಿ ಪಾಶ್ಚರ್‌ನ ಸಹೋದ್ಯೋಗಿ ಶಾರ್ಲ್ ಶಾಂಬರ್ಲಾಂ, ಒತ್ತಡದ ಹಬೆಯಿಂದ ಉಪಕರಣಗಳನ್ನು ಶುದ್ಧಗೊಳಿಸುವ ಆಟೋಕ್ಲೇವ್ ರೂಪಿಸಿದ. 1890ರಲ್ಲಿ ವಿಲ್ಲೋಬಿ ಮಿಲ್ಲರ್, ಬಾಯಿಯ ಸೂಕ್ಷ್ಮಾಣುಗಳು ಸಕ್ಕರೆಯನ್ನು ಆಮ್ಲವಾಗಿಸಿ ಹಲ್ಲನ್ನು ಕರಗಿಸುವ ಬಗೆಯನ್ನು ತನ್ನ ಗ್ರಂಥದಲ್ಲಿ ವಿವರಿಸಿದ. ಸಿಹಿಯ ಬಗ್ಗೆ ಫೋಷಾರ್ ಕೊಟ್ಟಿದ್ದ ಎಚ್ಚರಿಕೆಗೆ ಆಗ ಶಾಸ್ತ್ರದ ಆಧಾರ ಸಿಕ್ಕಿತು.

ಗುಟ್ಟುಗಳನ್ನು ಬಿಟ್ಟುಕೊಟ್ಟದ್ದರಿಂದ ಫೋಷಾರ್ ಬಡವನಾಗಲಿಲ್ಲ ಎಂಬುದನ್ನು ನಮ್ಮ ವೃತ್ತಿಪರರು ಗಮನಿಸಬೇಕು. ಗ್ರಂಥ ಪ್ರಕಟವಾದ ಕೆಲವೇ ವರ್ಷಗಳಲ್ಲಿ, 1734ರಲ್ಲಿ, ಆತ ಪ್ಯಾರಿಸ್ಸಿನ ಹೊರವಲಯದಲ್ಲಿ ಬಂಗಲೆಯೊಂದನ್ನು ಕೊಂಡ. ಪುಸ್ತಕ 1733ರಲ್ಲೇ ಜರ್ಮನ್ ಭಾಷೆಗೆ ಹೋಗಿತ್ತು. 1746ರಲ್ಲಿ ಪರಿಷ್ಕೃತ ಎರಡನೆಯ ಆವೃತ್ತಿ ಬಂತು. ಒಸಡು ಸಡಿಲವಾಗಿ ಕೀವು ಒಸರಿ ಗಟ್ಟಿ ಹಲ್ಲುಗಳೂ ಅಲುಗಾಡುವ ರೋಗವನ್ನು ಆತ ಅದರಲ್ಲಿ ವಿವರಿಸಿದ್ದ. ಮಗ ತಂದೆಯ ವೃತ್ತಿಯನ್ನು ಹಿಡಿಯದೆ ರಂಗಭೂಮಿಗೆ ಹೋಗಿ ಗ್ರಾಂಮೆನಿಲ್ ಎಂಬ ಹೆಸರಿನಿಂದ ಪ್ರಖ್ಯಾತ ನಟನಾದ. 1761ರ ಮಾರ್ಚ್‌ನಲ್ಲಿ ಫೋಷಾರ್ ಪ್ಯಾರಿಸ್ಸಿನಲ್ಲಿ ತೀರಿಕೊಂಡಾಗ ಎಂಬತ್ತು ದಾಟಿತ್ತು. ಇಂಗ್ಲಿಷ್ ಬಲ್ಲವರಿಗೆ ಆತನ ಗ್ರಂಥ ದೊರೆತದ್ದು ಮಾತ್ರ 1946ರಲ್ಲಿ. ಅದನ್ನು ಅನುವಾದಿಸಿದವರು ಬ್ರಿಟನ್ನಿನಲ್ಲಿ ದಂತವೈದ್ಯ ಪದವಿ ಪಡೆದ ಮೊದಲ ಮಹಿಳೆ ಲಿಲಿಯನ್ ಲಿಂಡ್ಸೆ.

ಫೋಷಾರ್ ಎತ್ತಿದ ಪ್ರಶ್ನೆ ನಮ್ಮ ದೇಶಕ್ಕೆ ಬಂದದ್ದು ತಡವಾಗಿ. ಅಮೆರಿಕದಲ್ಲಿ ಕಲಿತು ಬಂದ ಡಾ. ರಫೀಉದ್ದೀನ್ ಅಹ್ಮದ್ 1920ರಲ್ಲಿ ಕಲ್ಕತ್ತೆಯಲ್ಲಿ ದಂತವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಅವರ ಪ್ರಯತ್ನದ ಫಲವಾಗಿ 1939ರಲ್ಲಿ ಬಂಗಾಳದಲ್ಲಿ ದಂತವೈದ್ಯರ ಕಾಯ್ದೆ ಬಂತು. ಸ್ವಾತಂತ್ರ್ಯಾನಂತರ 1948ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆ ಜಾರಿಗೆ ಬಂದು ದಂತವೈದ್ಯರ ನೋಂದಣಿ ಆರಂಭವಾಯಿತು. ಪದವಿಯಿಲ್ಲದಿದ್ದರೂ ಕನಿಷ್ಠ ಐದು ವರ್ಷ ಅದೇ ವೃತ್ತಿಯಿಂದ ಬದುಕಿದ್ದವರನ್ನು ಪ್ರತ್ಯೇಕ ಭಾಗದಲ್ಲಿ ನೋಂದಾಯಿಸಿಕೊಳ್ಳುವ ಅವಕಾಶ ಅದರಲ್ಲಿತ್ತು. ಅರ್ಹರ ಸಂಖ್ಯೆ ಬೆರಳೆಣಿಕೆಯಷ್ಟಿದ್ದ ದಿನಗಳಲ್ಲಿ ಅದು ಅನಿವಾರ್ಯವಾಗಿತ್ತು. ಬೆಂಗಳೂರಿನಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಆರಂಭವಾದದ್ದು 1958ರಲ್ಲಿ. ಈಗ ಕರ್ನಾಟಕದಲ್ಲಿ 40ಕ್ಕೂ ಹೆಚ್ಚು ದಂತ ಕಾಲೇಜುಗಳಿವೆ. ನಮ್ಮ ರಾಜ್ಯದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ನೋಂದಣಿಗೆ 2007ರ ಕಾಯ್ದೆ ಇದೆ. 1948ರ ಕಾಯ್ದೆಯ ಜಾಗಕ್ಕೆ ತರಲೆಂದು ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಅಂಗೀಕರಿಸಿತು. ಕಾನೂನಿಗೆ ಕೊರತೆಯಿಲ್ಲ.

ಆದರೂ ನಡೆಯಬಾರದ್ದು ನಡೆಯುತ್ತದೆ. ನಮ್ಮ ಗಡಿಗೆ ದೂರವಲ್ಲದ ತಮಿಳುನಾಡಿನ ವಾಣಿಯಂಬಾಡಿಯಲ್ಲಿ 2022-23ರ ಅವಧಿಯಲ್ಲಿ ದಂತ ಚಿಕಿತ್ಸಾಲಯವೊಂದಕ್ಕೆ ಹೋಗಿಬಂದಿದ್ದ 10 ಮಂದಿಗೆ ಮೆದುಳಿಗೆ ಏರುವ ಅಪರೂಪದ ಬ್ಯಾಕ್ಟೀರಿಯಾ ಸೋಂಕು ತಗುಲಿತು. ಅವರಲ್ಲಿ 8 ಮಂದಿ ಮೃತಪಟ್ಟರು. ತಜ್ಞರ ತನಿಖೆಯ ವಿವರಗಳು 2025ರಲ್ಲಿ ಪ್ರಕಟವಾದವು. ಬಾಯಿ ತೊಳೆಯಲು ಬಳಸುವ ಸಲೈನ್ ಬಾಟಲಿಯನ್ನು ಶಸ್ತ್ರಕ್ರಿಯೆಯ ಉಪಕರಣದಿಂದಲೇ ತೆರೆದು, ಹತ್ತಿಯಿಂದ ಮುಚ್ಚಿಟ್ಟು, ಅದನ್ನೇ ಮತ್ತೆ ಮತ್ತೆ ಬಳಸಿದ್ದರಿಂದ ಸೋಂಕು ಹರಡಿತ್ತು. ಹಲ್ಲುನೋವೆಂದು ಹೋದವರು ಕೆಲವೇ ದಿನಗಳಲ್ಲಿ ಇಲ್ಲವಾದರು. ಗೋಡೆಯ ಮೇಲಿನ ಪ್ರಮಾಣಪತ್ರವಾಗಲೀ ಕಚೇರಿಯ ಕಡತವಾಗಲೀ ತೆರೆದಿಟ್ಟ ಬಾಟಲಿಯೊಂದನ್ನು ಎಂದೂ ತೋರಿಸಿಕೊಡುವುದಿಲ್ಲ.

ಸೇವೆಯಲ್ಲಿದ್ದಾಗ ಪರಿವೀಕ್ಷಣಾ ತಂಡಗಳ ಜೊತೆ ಹಲವು ಬಗೆಯ ಸಂಸ್ಥೆಗಳಿಗೆ ಹೋಗಿಬಂದವನು ನಾನು. ಭೇಟಿಯ ದಿನಾಂಕ ಮೊದಲೇ ತಿಳಿದಿರುತ್ತಿತ್ತು. ನೆಲ ಆಗತಾನೇ ತೊಳೆದಂತಿರುತ್ತಿತ್ತು. ಒಂದು ಕಡೆಯಂತೂ ಇಡೀ ತಿಂಗಳ ಶುದ್ಧೀಕರಣದ ದಾಖಲೆಯನ್ನು ಒಂದೇ ಶಾಯಿಯಲ್ಲಿ ಒಂದೇ ಕೂರಿನಲ್ಲಿ ಬರೆದದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಪುಟ ತಿರುವಿ ಸಹಿ ಹಾಕಿದೆ. ಏಕೆಂದರೆ ದಾಖಲೆ ಇದೆಯೇ ಎಂದು ನೋಡುವುದು ಮಾತ್ರ ನನ್ನ ಕೆಲಸವಾಗಿತ್ತು, ದಾಖಲೆ ನಿಜವೇ ಎಂದು ಕೇಳುವಷ್ಟು ಆ ಕೆಲಸ ನನಗೆ ಗೊತ್ತಿರಲಿಲ್ಲ. ಪ್ಯಾರಿಸ್ಸಿನ ಪರೀಕ್ಷಾ ಮಂಡಳಿಯ ಬಗ್ಗೆ ಫೋಷಾರ್ ಹೇಳಿದ್ದನ್ನು ಮುಂದೊಂದು ದಿನ ಓದಿದಾಗ ಆ ಸಹಿ ನೆನಪಾಯಿತು. ಇಂದಿಗೂ ಅದು ಕಸಿವಿಸಿ ಉಂಟುಮಾಡುತ್ತದೆ.

ಆದ್ದರಿಂದ ದಂತ ಚಿಕಿತ್ಸಾಲಯದ ಪರಿವೀಕ್ಷಣೆ ನಿಜವಾಗಬೇಕಾದರೆ ತಂಡದಲ್ಲಿ ಅದೇ ಕೆಲಸ ಬಲ್ಲ ದಂತವೈದ್ಯರೊಬ್ಬರು ಇರಬೇಕು, ಭೇಟಿ ಮುನ್ಸೂಚನೆಯಿಲ್ಲದೆ ನಡೆಯಬೇಕು. ಆಟೋಕ್ಲೇವ್ ಇದೆಯೇ ಎಂದು ಕೇಳಿದರೆ ಸಾಲದು. ಅದರ ಹಬೆ 121 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಕನಿಷ್ಠ 15 ನಿಮಿಷ ನಿಲ್ಲುತ್ತದೆಯೇ, ಒಳಗಿಟ್ಟ ಸೂಚಕ ಪಟ್ಟಿಯ ಬಣ್ಣ ಬದಲಾಗಿದೆಯೇ, ಶಾಖಕ್ಕೆ ಸುಲಭವಾಗಿ ಸಾಯದ ಜೀವಾಣುಗಳನ್ನು ಒಳಗಿಟ್ಟು ಮಾಡುವ ಪರೀಕ್ಷೆ ನಿಯಮಿತವಾಗಿ ನಡೆಯುತ್ತಿದೆಯೇ ಎಂದು ನೋಡಬೇಕು. ಕೊರೆಯುವ ಯಂತ್ರದ ಹಿಡಿ ಪ್ರತಿ ರೋಗಿಯ ನಂತರ ಬದಲಾಗುತ್ತದೆಯೇ, ಅದಕ್ಕೆ ನೀರು ಬರುವ ಕೊಳವೆಯನ್ನು ಶುದ್ಧವಾಗಿಡುತ್ತಾರೆಯೇ, ತೆರೆದ ಸಲೈನ್ ಬಾಟಲಿಯನ್ನು ಅದೇ ರೋಗಿಗೆ ಮುಗಿಸಿ ಎಸೆಯುತ್ತಾರೆಯೇ ಎಂದು ಕಣ್ಣಾರೆ ಕಾಣಬೇಕು. ಕಂಡದ್ದನ್ನು ಕಡತದಲ್ಲಿ ಹೂತುಹಾಕದೆ ಸಾರ್ವಜನಿಕರಿಗೆ ತೆರೆದಿಡಬೇಕು. ಹಾಗೆ ತೆರೆದಿಟ್ಟರೆ ಮೊದಲ ಲಾಭ ಪ್ರಾಮಾಣಿಕ ದಂತವೈದ್ಯರದೇ. ಶುದ್ಧೀಕರಣಕ್ಕೆ ಹಣವನ್ನೂ ಸಮಯವನ್ನೂ ವ್ಯಯಿಸುವ ವೈದ್ಯರು, ಅದೇನನ್ನೂ ಮಾಡದೆ ಕಡಿಮೆ ದರ ಹೇಳುವ ಪಕ್ಕದವರೊಡನೆ ಪೈಪೋಟಿ ನಡೆಸಬೇಕಾಗಿರುವುದು ಇಂದಿನ ಅನ್ಯಾಯ. ವ್ಯತ್ಯಾಸ ಕಣ್ಣಿಗೆ ಕಂಡಾಗ ಮಾತ್ರ ಜನ ಅದಕ್ಕೆ ಬೆಲೆ ಕೊಡುತ್ತಾರೆ.

ಅಲ್ಲಿಯವರೆಗೆ, ಮತ್ತು ಆ ನಂತರವೂ, ಕುರ್ಚಿಯಲ್ಲಿ ಕೂರುವವರೇ ಕೊನೆಯ ಪರಿವೀಕ್ಷಕರು. ಬಾಯಿ ತೆರೆಯುವ ಮೊದಲು ನಾಲ್ಕು ಮಾತು ಕೇಳಲು ಅಡ್ಡಿಯಿಲ್ಲ. ಉಪಕರಣದ ಪೊಟ್ಟಣವನ್ನು ನನ್ನೆದುರಿಗೇ ಒಡೆಯುವಿರಾ, ಕೈಗವಸು ಹೊಸದೇ, ತುಂಬುವುದು ಯಾವ ವಸ್ತು, ಎಕ್ಸ್‌ರೇಯಲ್ಲಿ ಕಂಡದ್ದೇನು, ಹಲ್ಲನ್ನು ಉಳಿಸುವ ದಾರಿಯಿಲ್ಲವೇ? ಒಳ್ಳೆಯ ದಂತವೈದ್ಯರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ, ಉತ್ತರಿಸಿ ಸಂತೋಷಪಡುತ್ತಾರೆ. ಸಿಟ್ಟಾದರೆ ಅದೂ ಒಂದು ಉತ್ತರವೇ. 1728ರಲ್ಲಿ ತನ್ನ ಕಸುಬಿನ ಗುಟ್ಟುಗಳನ್ನು ಅಚ್ಚಿಗೆ ಕೊಟ್ಟ ಫೋಷಾರ್‌ಗೆ ಇಂಥ ಪ್ರಶ್ನೆಗಳ ಭಯವಿರಲಿಲ್ಲ.